ಎರಡು ಊರುಗಳ ಎರಡು ಶಾಸನಗಳು

ಬೇಸಿಗೆ ಬಂತೆಂದರೆ ಊರೂರಿನಿಂದ ಯಾತ್ರೆಯ ಬಸ್ಸುಗಳು ಹೊರಡುತ್ತವೆ. ಮುಂಜಾನೆ ಬಾದಾಮಿ, ಮಧ್ಯಾಹ್ನಕ್ಕೆ ಮುನ್ನ ಪಟ್ಟದಕಲ್ಲು, ಊಟವಾದ ಮೇಲೆ ಐಹೊಳೆ, ಇರುಳಿಗೆ ಕೂಡಲಸಂಗಮ. ಒಂದು ದಿನದಲ್ಲಿ ನಾಲ್ಕು ಕ್ಷೇತ್ರಗಳು ಮುಗಿದವೆಂಬ ತೃಪ್ತಿಯಿಂದ ಯಾತ್ರಿಕರು ನಿದ್ರಿಸುತ್ತಾರೆ. ಮುಗಿದದ್ದು ದಾರಿಯೋ, ದರ್ಶನವೋ ಎಂದು ಕೇಳಿಕೊಳ್ಳುವವರು ವಿರಳ. ನಾವು ಇಲ್ಲಿ ದೂರುತ್ತಿರುವುದು ಪರರನ್ನಲ್ಲ. ವಿದ್ಯಾರ್ಥಿದೆಸೆಯಲ್ಲಿ ಮೊದಲ ಬಾರಿ ಕಂಚಿಯ ಕೈಲಾಸನಾಥ ದೇವಾಲಯಕ್ಕೆ ಹೋದಾಗ, ಕನ್ನಡದ ಒಂದು ಮಹಾಶಾಸನವಿರುವ ಕಂಬಕ್ಕೇ ಬೆನ್ನುಕೊಟ್ಟು ನಿಂತು, ಶಿಖರದ ಅಂದವನ್ನು ಕೊಂಡಾಡಿ ಮರಳಿದವರು ನಾವು. ಆ ಲಜ್ಜೆಯೇ ಈ ಲೇಖನಕ್ಕೆ ಕಾರಣ.

ಮೊದಲು ಸಂಗತಿಯನ್ನು ನೆನೆಯೋಣ. ಕ್ರಿ.ಶ. 642ರಲ್ಲಿ ಪಲ್ಲವ ನರಸಿಂಹವರ್ಮನು ಚಾಲುಕ್ಯರ ರಾಜಧಾನಿ ವಾತಾಪಿಯನ್ನು, ಎಂದರೆ ಇಂದಿನ ಬಾದಾಮಿಯನ್ನು, ಗೆದ್ದನು. ಆ ವಿಜಯದ ಶಾಸನವು ಸವೆದಿದ್ದರೂ ಇಂದಿಗೂ ಬಾದಾಮಿಯ ಬಂಡೆಯ ಮೇಲಿದೆ. ಸುಮಾರು ನೂರು ವರ್ಷಗಳು ಕಳೆದ ಮೇಲೆ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯನು ಪಲ್ಲವರ ಕಂಚಿಯನ್ನು ಹೊಕ್ಕನು. ಹಗೆ ತೀರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತೇ? ಆದರೆ ರಾಜಸಿಂಹೇಶ್ವರದ, ಎಂದರೆ ಇಂದಿನ ಕೈಲಾಸನಾಥನ, ಸಂಪತ್ತನ್ನು ಕಂಡ ಅರಸನು ಅದನ್ನು ಕೊಳ್ಳೆ ಹೊಡೆಯದೆ ದೇವರಿಗೇ ಮರಳಿ ಬಿಟ್ಟನೆಂದು ಅಲ್ಲಿಯ ಮಂಟಪದ ಕಂಬದ ಮೇಲೆ ಕನ್ನಡದಲ್ಲಿ ಬರೆದಿದೆ. ಅವನ ಮಗ ಇಮ್ಮಡಿ ಕೀರ್ತಿವರ್ಮನ ಕೆಂದೂರು ತಾಮ್ರಪಟವೂ ಇದೇ ಮಾತನ್ನು ಹೇಳುತ್ತದೆ.

ಇದು ಗೆದ್ದವನು ತನ್ನನ್ನು ತಾನೇ ಹೊಗಳಿಕೊಂಡ ಮಾತಲ್ಲವೇ ಎಂದು ವಿಚಾರವಂತರಾದ ವಾಚಕರು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದುದೇ. ತಂದೆಯ ಶಾಸನಕ್ಕೆ ಮಗನ ತಾಮ್ರಪಟವು ಸ್ವತಂತ್ರ ಸಾಕ್ಷಿಯಾಗಲಾರದು. ಆದರೆ ಮೂರನೆಯ ಸಾಕ್ಷಿಯೊಂದಿದೆ, ಅದು ಮೌನಸಾಕ್ಷಿ. ಚಾಲುಕ್ಯರ ಸೈನ್ಯ ಹಿಂತಿರುಗಿದ ಮೇಲೆ ಕಂಚಿ ಮತ್ತೆ ಪಲ್ಲವರದಾಯಿತು. ನಂದಿವರ್ಮನು ದೀರ್ಘಕಾಲ ಆಳಿದನು. ತಮ್ಮ ಕುಲದೇಗುಲದ ಕಂಬದ ಮೇಲೆ ಶತ್ರುವಿನ ಭಾಷೆಯಲ್ಲಿ ನಿಂತ ಆ ಅಕ್ಷರಗಳನ್ನು ಅಳಿಸುವುದು ಉಳಿಯೊಂದಕ್ಕೆ ಅರ್ಧದಿನದ ಕೆಲಸ. ಯಾರೂ ಅಳಿಸಲಿಲ್ಲ. ಬರೆದವನ ಔದಾರ್ಯವನ್ನು ನಾವು ಶಂಕಿಸಬಹುದು. ಉಳಿಸಿದವರ ಔದಾರ್ಯವನ್ನು ಶಂಕಿಸಲು ಕಾರಣ ಕಾಣದು.

ಈ ಹಿನ್ನೆಲೆಯಿಲ್ಲದೆ ಪಟ್ಟದಕಲ್ಲು ಅರ್ಥವಾಗದು. ಅಲ್ಲಿಯ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದವಳು ಇದೇ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ. ಆದ್ದರಿಂದ ಅದರ ಮೊದಲ ಹೆಸರು ಲೋಕೇಶ್ವರ. ಪಕ್ಕದ ಮಲ್ಲಿಕಾರ್ಜುನ ದೇವಾಲಯವು ಅವಳ ತಂಗಿ ತ್ರೈಲೋಕ್ಯಮಹಾದೇವಿಯದು. ಅರಸನು ಕಂಚಿಯನ್ನು ಮೂರು ಬಾರಿ ಗೆದ್ದುದರ ನೆನಪಿಗೆ ಲೋಕೇಶ್ವರವು ಎದ್ದಿತೆಂದು ಶಾಸನ ಹೇಳುತ್ತದೆ.

ಇಲ್ಲಿ ಮಾರ್ಗದರ್ಶಿಗಳು ಸಾಮಾನ್ಯವಾಗಿ ಎರಡು ಮಾತುಗಳನ್ನು ಆಡುತ್ತಾರೆ. ಒಂದು, ಇದು ಕಂಚಿಯ ಕೈಲಾಸನಾಥದ ನಕಲು. ಎರಡು, ಕಂಚಿಯಿಂದ ಶಿಲ್ಪಿಗಳನ್ನು ಸೆರೆಹಿಡಿದು ತಂದು ಕಟ್ಟಿಸಿದರು. ಎರಡನ್ನೂ ಪರಿಶೀಲಿಸಬೇಕು. ಸಾಮ್ಯವಿದೆ, ನಿಜ. ಕೈಲಾಸನಾಥದ ಪ್ರಾಕಾರದ ಉದ್ದಕ್ಕೂ 58 ಕಿರುಗುಡಿಗಳಿವೆ. ವಿರೂಪಾಕ್ಷದ ಪ್ರಾಕಾರದಲ್ಲಿಯೂ ಕಿರುಗುಡಿಗಳ ಸಾಲಿತ್ತು. ಆದರೆ ಕಂಚಿಯಲ್ಲಿ ಕೆರಳಿನಿಂತ ಸಿಂಹಗಳ ಗೋಡೆಗಂಬಗಳು ಒಂದಕ್ಕೊಂದು ಒತ್ತಿಕೊಂಡಿವೆ; ಪ್ರದಕ್ಷಿಣೆಯ ದಾರಿ ಮೈಯನ್ನು ಕುಗ್ಗಿಸಿ ನುಸುಳುವಷ್ಟು ಕಿರಿದು. ಪಟ್ಟದಕಲ್ಲಿನಲ್ಲಿ ಹಾಗಲ್ಲ. ಮೂರು ದಿಕ್ಕಿಗೂ ಮುಖಮಂಟಪಗಳು, ಜಾಲಂಧ್ರಗಳಿಂದ ಸೋಸಿ ಬರುವ ಬೆಳಕು, ಹತ್ತಾರು ಜನ ಕುಳಿತು ಕೇಳಬಲ್ಲ ಕಂಬಗಳ ವಿಶಾಲ ಸಭಾಮಂಟಪ, ಆ ಕಂಬಗಳ ಮೇಲೆ ರಾಮಾಯಣ ಭಾರತಗಳ ಕಥೆ. ಕಂಚಿಯದು ಒಬ್ಬೊಬ್ಬನನ್ನೇ ಒಳಗೆಳೆದುಕೊಳ್ಳುವ ಗುಡಿ. ಪಟ್ಟದಕಲ್ಲಿನದು ಸಮೂಹವನ್ನು ಕೂಡಿಸಿಕೊಳ್ಳುವ ಗುಡಿ. ಇದನ್ನು ನಕಲೆನ್ನುವುದು ಎರಡಕ್ಕೂ ಮಾಡುವ ಅನ್ಯಾಯ.

ಎರಡನೆಯ ಮಾತು ಇನ್ನೂ ಹಗುರವಾದುದು. ದೇವಾಲಯವನ್ನು ಕಟ್ಟಿದ ಸೂತ್ರಧಾರಿಯ ಹೆಸರು ಗುಂಡ. ಅನಿವಾರಿತಾಚಾರಿ ಎಂಬುದು ಅವನ ಬಿರುದು. ಇನ್ನೊಬ್ಬ ಸರ್ವಸಿದ್ಧಿ ಆಚಾರಿ; ಅವನನ್ನು ತೆಂಕಣ ದಿಕ್ಕಿನ ಸೂತ್ರಧಾರಿಯೆಂದು ಶಾಸನ ಕರೆಯುತ್ತದೆ. ಆ ಒಂದು ಮಾತಿನ ಮೇಲೆ ವಿದ್ವಾಂಸರು ಊಹೆಗಳನ್ನು ಕಟ್ಟಿದ್ದಾರೆ. ಸೆರೆಯ ಮಾತು ಅಲ್ಲೆಲ್ಲಿಯೂ ಇಲ್ಲ. ಇರುವುದು ಗೌರವ, ಬಿರುದು, ಹೊಗಳಿಕೆ. ಅರಸನ ಹೆಸರಿನೊಡನೆ ಕಲ್ಲುಕುಟಿಗನ ಹೆಸರನ್ನೂ ಕಲ್ಲಿಗೆ ಒಪ್ಪಿಸಿದ ಕಾಲವದು. ಪಾಪನಾಥ ದೇವಾಲಯದಲ್ಲಿಯೂ ರೇವಡಿ ಓವಜ್ಜನೆಂಬ ಶಿಲ್ಪಿಯ ಹೆಸರಿದೆ. ಕಾಯಕವನ್ನು ಪೂಜೆಯೆಂದು ನಂಬಿದ ಪರಂಪರೆಯ ನಾವು ಅಲ್ಲಿ ರಾಜರಾಣಿಯರ ಹೆಸರನ್ನು ಮಾತ್ರ ಕೇಳಿ ಬರುವುದು ಸರಿಯೇ?

ಅಂಗದ ಮೇಲೆ ಲಿಂಗವನ್ನು ಧರಿಸಿದವನಿಗೆ ಸ್ಥಾವರದ ಗೊಡವೆ ಏಕೆಂದು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಕೇಳುವುದುಂಟು. ಪ್ರಶ್ನೆ ಗಟ್ಟಿಯಾದುದು, ತೇಲಿಸಿ ಉತ್ತರಿಸುವಂತಹುದಲ್ಲ. ಶರಣರು ಸ್ಥಾವರದ ಹಮ್ಮನ್ನು ಖಂಡಿಸಿದರು. ಕಲ್ಲಿನ ವೈಭವಕ್ಕೆ ಶರಣಾಗಿ ತನ್ನೊಳಗಿನ ಚೈತನ್ಯವನ್ನು ಮರೆಯುವವನನ್ನು ಎಚ್ಚರಿಸಿದರು. ಆದರೆ ಕಲ್ಲಿನ ಮೇಲೆ ಮನುಷ್ಯನು ಬರೆದಿಟ್ಟ ವಿವೇಕವನ್ನು ಓದಬೇಡವೆಂದು ಅವರು ಹೇಳಲಿಲ್ಲ. ವರವನ್ನು ಬೇಡಲು ಗುಡಿಗೆ ಹೋಗುವುದು ಬೇರೆ. ಹಿರಿಯರು ಹಗೆಯನ್ನು ಹೇಗೆ ಮೀರಿದರೆಂದು ಅರಿಯಲು ಹೋಗುವುದು ಬೇರೆ. ಎರಡನೆಯದು ಅರಿವಿನ ಆಚರಣೆ; ಅದಕ್ಕೆ ನಮ್ಮ ಧರ್ಮದಲ್ಲಿ ಅಡ್ಡಿಯಿಲ್ಲ.

ಇನ್ನೊಂದು ಎಚ್ಚರವೂ ಬೇಕು. ಪಟ್ಟದಕಲ್ಲು 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ನಮಗದು ಅಭಿಮಾನದ ವಿಷಯ. ಆ ಅಭಿಮಾನವು ‘ನಾವು ಕಂಚಿಯನ್ನು ಗೆದ್ದೆವು’ ಎಂಬ ಮಾತಿಗೆ ಬಂದು ನಿಂತರೆ, ವಿಕ್ರಮಾದಿತ್ಯನು ಬಿಟ್ಟುಬಂದುದನ್ನು ನಾವು ಹೊತ್ತು ತಂದಂತಾಗುತ್ತದೆ. ಅರಸನು ಕಂಬದ ಮೇಲೆ ಹೆಮ್ಮೆಯಿಂದ ಬರೆಸಿದ್ದು ತಾನು ಕೊಂಡುದನ್ನಲ್ಲ, ಕೊಟ್ಟುದನ್ನು.

ಆದುದರಿಂದ ಭಕ್ತರಲ್ಲಿ ನಮ್ಮ ಬಿನ್ನಹವಿಷ್ಟೆ. ಮುಂದಿನ ಯಾತ್ರೆಯಲ್ಲಿ ನಾಲ್ಕು ಊರುಗಳ ಬದಲು ಒಂದೇ ಊರನ್ನು ಆರಿಸಿಕೊಳ್ಳಿರಿ. ಪಟ್ಟದಕಲ್ಲಿನಲ್ಲಿ ಮಲಪ್ರಭೆಯು ಉತ್ತರಕ್ಕೆ ತಿರುಗಿ ಹರಿಯುವ ದಂಡೆಯ ಮೇಲೆ ಒಂದಿಡೀ ದಿನ ಕಳೆಯಿರಿ. ಮಕ್ಕಳ ಬೆರಳು ಹಿಡಿದು ಸೂತ್ರಧಾರಿಯ ಹೆಸರಿರುವ ಸಾಲನ್ನು ತೋರಿಸಿರಿ. ಮುಂದೊಮ್ಮೆ ಕಂಚಿಗೆ ಹೋದಾಗ, ನಮ್ಮಂತೆ ಕಂಬಕ್ಕೆ ಬೆನ್ನುಕೊಡದೆ, ಅದರತ್ತ ಮುಖಮಾಡಿ ಕ್ಷಣಕಾಲ ನಿಲ್ಲಿರಿ. ಆ ಅಕ್ಷರಗಳನ್ನು ಇಷ್ಟು ಕಾಲ ಕಾಪಾಡಿಕೊಂಡು ಬಂದ ಆ ಊರಿನ ಜನಕ್ಕೆ ಮನಸ್ಸಿನಲ್ಲಿಯೇ ಶರಣೆನ್ನಿರಿ.