ಜೇಬಿನೊಳಗಿನ ಕೇರಿ

ಗ್ರೈಂಡರ್ ಕಂಪನಿಗೆ ಈಗ ಬರೀ ಡೇಟಿಂಗ್ ಆ್ಯಪ್ ಎನ್ನಿಸಿಕೊಂಡರೆ ಸಾಲದು. ಜೇಬಿನಲ್ಲಿ ಹಿಡಿಸುವ ಜಾಗತಿಕ ಗೇ ಕೇರಿ ತಾನು ಎಂದು ಈಚಿನ ವರ್ಷಗಳಲ್ಲಿ ಅದು ಸಾರಿಕೊಳ್ಳುತ್ತಿದೆ. 2009ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಜೋಯೆಲ್ ಸಿಮ್‌ಖಾಯ್ ಶುರು ಮಾಡಿದ ಈ ಆ್ಯಪ್ 2022ರಲ್ಲಿ ನ್ಯೂಯಾರ್ಕ್ ಷೇರುಪೇಟೆ ಹತ್ತಿತು. ಷೇರುದಾರರ ಮುಂದೆ ಇಂಥ ದೊಡ್ಡ ಮಾತು ಆಡಬೇಕಾಗುತ್ತದೆ, ಇರಲಿ. ಆದರೆ ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆಯ ಹುಡುಗರೂ ರಾತ್ರಿ ಹೊದಿಕೆಯೊಳಗೆ ಇದನ್ನೇ ತೆರೆದು ತಮ್ಮಂಥವರು ಹತ್ತಿರದಲ್ಲಿ ಯಾರಾದರೂ ಇದ್ದಾರಾ ಎಂದು ನೋಡುತ್ತಾರೆ. ಹಾಗಾಗಿ ಆ ಮಾತು ಎಷ್ಟು ನಿಜ ಎಂದು ಕೇಳುವ ಹಕ್ಕು ನಮಗೂ ಇದೆ.

ತೆರೆದ ಕೂಡಲೇ ಕಾಣುವುದು ಸಾಲಿಗೆ ಮೂರರಂತೆ ಜೋಡಿಸಿದ ಚೌಕಗಳು. ಹತ್ತಿರದವರು ಮೇಲೆ, ದೂರದವರು ಕೆಳಗೆ. ಮುಖ ತೋರಿಸುವವರು ಕಡಿಮೆ. ಕತ್ತಿನಿಂದ ಕೆಳಗಿನ ಎದೆ, ಬುಲೆಟ್ ಬೈಕು, ಜೋಗದ ಜಲಪಾತ, ಏನೂ ಇಲ್ಲದ ಬೂದು ಚೌಕ. ಒತ್ತಿದರೆ ವಯಸ್ಸು, ಎತ್ತರ, ತೂಕ, ಟಾಪೋ ಬಾಟಮ್ಮೋ ಎಂಬ ವಿವರ, ಇಷ್ಟು ಮೀಟರ್ ದೂರ ಎಂಬ ಲೆಕ್ಕ. ಮಾತು ಶುರುವಾದರೆ 'ಹಾಯ್', 'ಪಿಕ್?', 'ಪ್ಲೇಸ್ ಇದ್ಯಾ?'. ಅಪ್ಪ ಅಮ್ಮನ ಜೊತೆ ಇರುವವನಿಗೆ, ಪಿಜಿಯಲ್ಲಿ ಮೂವರ ರೂಮಿನಲ್ಲಿ ಇರುವವನಿಗೆ ಪ್ಲೇಸ್ ಎಲ್ಲಿಂದ ಬರಬೇಕು? ಇಲ್ಲ ಎಂದರೆ ಅತ್ತಲಿಂದ ಉತ್ತರ ಬರುವುದಿಲ್ಲ. ಕೆಲವರು ಬ್ಲಾಕ್ ಮಾಡುವಷ್ಟು ಶ್ರಮ ತೆಗೆದುಕೊಳ್ಳುತ್ತಾರೆ.

ಸುಖ ಹುಡುಕುವುದು ತಪ್ಪೆಂಬ ಮಡಿವಂತಿಕೆ ನನ್ನದಲ್ಲ. ಹಿಂದೆ ಇದೇ ಹುಡುಕಾಟಕ್ಕೆ ಕಬ್ಬನ್ ಪಾರ್ಕಿಗೆ ಹೋದವರು ಪೊಲೀಸರ ಲಾಠಿ ತಿಂದು, ಜೇಬಿನಲ್ಲಿದ್ದುದನ್ನೂ ಕೊಟ್ಟು ಬರುತ್ತಿದ್ದರು. ಬೆಂಗಳೂರಿನಲ್ಲಿ ಇಂಥ ಕಿರುಕುಳ ಹೇಗೆ ನಡೆಯುತ್ತದೆ ಎಂಬುದನ್ನು ಮಾನವ ಹಕ್ಕುಗಳ ಸಂಘಟನೆ ಪಿಯುಸಿಎಲ್ ಕರ್ನಾಟಕ 2001ರಲ್ಲೇ ವರದಿ ಮಾಡಿತ್ತು. ಅದಕ್ಕೆ ಹೋಲಿಸಿದರೆ ಆ್ಯಪ್ ದೊಡ್ಡ ಉಪಕಾರವೇ. ಇನ್ನೊಂದು ಉಪಕಾರವೂ ಇದೆ. ಇಡೀ ತಾಲ್ಲೂಕಿನಲ್ಲಿ ತಾನೊಬ್ಬನೇ ಹೀಗೆ ಎಂದು ನಂಬಿ ಬೆಳೆದವನಿಗೆ, ಪಕ್ಕದ ಬೀದಿಯಲ್ಲೇ ಇನ್ನೊಬ್ಬ ಇದ್ದಾನೆ ಎಂದು ತೋರಿಸುವುದು ಸಣ್ಣ ಕೆಲಸವಲ್ಲ. ಈ ಅಂಕಗಳನ್ನು ಆ್ಯಪಿಗೆ ಕೊಟ್ಟೇ ಮುಂದೆ ಹೋಗಬೇಕು.

ನನ್ನ ತಕರಾರು ಇರುವುದು ಆ ಚೌಕಗಳ ಜೋಡಣೆಯ ಬಗ್ಗೆ. ಪ್ರತಿಯೊಬ್ಬನಿಗೂ ಕಾಣುವುದು ಬೇರೆ ಬೇರೆ ಪರದೆ, ಏಕೆಂದರೆ ದೂರದ ಲೆಕ್ಕ ಅವನವನಿಂದಲೇ ಶುರು. ನಡೆಯುವ ಮಾತೂ ಬಹುಮಟ್ಟಿಗೆ ಇಬ್ಬರ ನಡುವಿನದು. ಮೂರನೆಯವನೊಬ್ಬ ಜಗಲಿಯ ಮೂಲೆಯಲ್ಲಿ ಸುಮ್ಮನೆ ಕುಳಿತು ಬೇರೆಯವರು ಏನು ಮಾತಾಡುತ್ತಾರೆಂದು ಕೇಳಿಸಿಕೊಳ್ಳುವ ಹಾಗಿಲ್ಲ. ಹೊಸಬನಿಗೆ ಮೊದಲು ಬೇಕಾಗುವುದು ಅದೇ. ಅಮ್ಮನಿಗೆ ಹೇಗೆ ಹೇಳಿದೆ, ಮದುವೆಯ ಮಾತನ್ನು ಹೇಗೆ ಮುಂದೂಡಿದೆ, ಎಚ್‌ಐವಿ ಪರೀಕ್ಷೆಗೆ ಎಲ್ಲಿ ಹೋದೆ, ಯಾವ ಡಾಕ್ಟರು ಮುಖ ಗಂಟು ಹಾಕದೆ ಮಾತಾಡಿಸಿದರು. ಇವೆಲ್ಲ ಮತ್ತೊಬ್ಬರ ಮಾತನ್ನು ಕೇಳಿ ಕೇಳಿ ಕಲಿಯುವ ಸಂಗತಿಗಳು.

ಇಂಥ ಜಗಲಿ ಹಿಂದೆ ಇತ್ತು. 1998ರಲ್ಲಿ ಶುರುವಾದ 'ಗೇ ಬಾಂಬೆ' ಎಂಬ ಗುಂಪು ಇಂಟರ್ನೆಟ್ಟಿನಲ್ಲೂ ಇತ್ತು, ಮುಂಬಯಿಯ ಯಾರದೋ ಮನೆಯ ಹಾಲಿನಲ್ಲೂ ಇತ್ತು. ಪರ್ಮೇಶ್ ಶಹಾನಿ 2008ರಲ್ಲಿ ಅದರ ಹೆಸರಿನಲ್ಲೇ ಒಂದು ಪುಸ್ತಕ ಬರೆದರು. ಸಿದ್ಧಾಂತದ ಭಾರಕ್ಕೆ ಅಲ್ಲಲ್ಲಿ ಬಗ್ಗಿದರೂ ಆ ಪುಸ್ತಕ ಒಂದು ವಿಷಯವನ್ನು ಚೆನ್ನಾಗಿ ಹಿಡಿಯುತ್ತದೆ: ಅಲ್ಲಿನ ಜನಕ್ಕೆ ಆನ್‌ಲೈನ್ ಒಂದು ಲೋಕ, ಹೊರಗಿನದು ಇನ್ನೊಂದು ಲೋಕ ಎಂದು ಇರಲಿಲ್ಲ. ರಾತ್ರಿ ಬರೆದ ಕಾಗದಕ್ಕೆ ಉತ್ತರ ಸಭೆಯಲ್ಲಿ ಸಿಗುತ್ತಿತ್ತು, ಸಭೆಯಲ್ಲಿ ಹತ್ತಿಕೊಂಡ ಜಗಳ ಪರದೆಯ ಮೇಲೆ ಮುಂದುವರಿಯುತ್ತಿತ್ತು. ಬೆಂಗಳೂರಿನ 'ಗುಡ್ ಆ್ಯಸ್ ಯೂ' ಇನ್ನೂ ಹಳೆಯದು. 1994ರಲ್ಲಿ, ಮನೆಮನೆಗೆ ಇಂಟರ್ನೆಟ್ ಬರುವ ಮೊದಲೇ ಹುಟ್ಟಿದ ಗುಂಪು. ಜನ ಎದುರುಬದುರು ಕೂತು ಮಾತಾಡುವುದೇ ಅದರ ಆಧಾರ. 2008ರ ಜೂನ್ 29ರಂದು ಬೆಂಗಳೂರಿನಲ್ಲಿ ಮೊದಲ ಪ್ರೈಡ್ ಮೆರವಣಿಗೆ ಹೊರಟಾಗ ಗ್ರೈಂಡರ್ ಇನ್ನೂ ಹುಟ್ಟಿರಲಿಲ್ಲ.

ಹಳೆಯದೆಲ್ಲ ಚಿನ್ನ ಎನ್ನುವ ಹಾಗೂ ಇಲ್ಲ. ಅಲ್ಲಿ ಮಾತು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಬರುವವರು ಕೆಲಸ, ಕಂಪ್ಯೂಟರು, ಸ್ವಂತ ರೂಮು ಇದ್ದವರು. ಆ ಗುಂಪುಗಳಲ್ಲಿ ಹಲವು ಬೀಡುಬಿಟ್ಟಿದ್ದ ಯಾಹೂ ಗ್ರೂಪ್ಸ್ 2020ರ ಡಿಸೆಂಬರಿನಲ್ಲಿ ಮುಚ್ಚಿತು, ಅಲ್ಲಿ ವರ್ಷಗಟ್ಟಲೆ ಬರೆದಿಟ್ಟದ್ದು ಅದಕ್ಕೂ ಮೊದಲೇ ಅಳಿಸಿಹೋಗಿತ್ತು. ಬಾಡಿಗೆ ಮನೆಯ ಹಣೆಬರಹ ಅಷ್ಟೇ.

ಕೇರಿ ಎಂದ ಮೇಲೆ ಒಳಗೆ ಯಾರು, ಹೊರಗೆ ಯಾರು ಎಂಬ ಪ್ರಶ್ನೆಯನ್ನು ನಮ್ಮ ಊರಿನವರಿಗೆ ಹೇಳಿಕೊಡಬೇಕಿಲ್ಲ. ಆ್ಯಪಿನಲ್ಲಿ ಅದನ್ನು ಪ್ರೊಫೈಲಿನಲ್ಲೇ ಬರೆದಿರುತ್ತಾರೆ: 'ನೋ ಫೆಮ್ಸ್', 'ಸ್ಟ್ರೇಟ್ ಆ್ಯಕ್ಟಿಂಗ್ ಓನ್ಲಿ', 'ಅಂಕಲ್‌ಗಳು ದೂರ ಇರಿ'. ಹೆಣ್ಣಿಗತನ ಇದ್ದವನಿಗೆ ಶಾಲೆಯಲ್ಲಿ ಬಿದ್ದ ಏಟು ಇಲ್ಲಿ ತನ್ನವರಿಂದಲೇ ಮತ್ತೆ ಬೀಳುತ್ತದೆ. ಪಾರ್ಕುಗಳಲ್ಲಿ ಬಹಿರಂಗವಾಗಿ ನಿಂತು ಪೊಲೀಸರನ್ನು ಎದುರಿಸಿದವರು ಹೆಚ್ಚಾಗಿ ಕೋಥಿಗಳು ಎನ್ನಿಸಿಕೊಳ್ಳುವ ಹೆಣ್ಣಿಗರು, ಹಿಜಡಾಗಳು. ಅವರ ಹೋರಾಟದ ಫಲ ಉಣ್ಣುವವರು 'ನೋ ಫೆಮ್ಸ್' ಎಂದು ಬರೆಯುತ್ತಾರೆ. ಇದು ಬಳಸುವವರ ತಪ್ಪು, ಆ್ಯಪಿನದಲ್ಲ ಎನ್ನಬಹುದು. ಆದರೆ ಜನಾಂಗ ನೋಡಿ ಜನರನ್ನು ಸೋಸುವ ಫಿಲ್ಟರನ್ನು ಕಂಪನಿಯೇ ವರ್ಷಗಟ್ಟಲೆ ಕೊಟ್ಟಿತ್ತು. ಅದನ್ನು ತೆಗೆಯುತ್ತೇವೆ ಎಂದದ್ದು 2020ರಲ್ಲಿ, ಅಮೆರಿಕದ ಬೀದಿಗಳಲ್ಲಿ ಕಪ್ಪುಜನರ ಪ್ರತಿಭಟನೆ ಹೊತ್ತಿ ಉರಿದ ಮೇಲೆ.

ಕೇರಿ ತನ್ನವರನ್ನು ಕಾಯಬೇಕು; ಆ ಕಾವಲಿನ ವಿಷಯವೂ ಹಾಗೆಯೇ. 2006ರ ಜನವರಿಯಲ್ಲಿ ಲಖನೌ ಪೊಲೀಸರು ನಾಲ್ವರನ್ನು ಹಿಡಿದು, ಇಂಟರ್ನೆಟ್ ಮೂಲಕ ನಡೆಯುತ್ತಿದ್ದ 'ಗೇ ಕ್ಲಬ್' ಭೇದಿಸಿದೆವು ಎಂದು ಪತ್ರಿಕೆಗಳಿಗೆ ಹೇಳಿದ್ದರು. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಂನ ಭಾಗ 2018ರ ಸೆಪ್ಟೆಂಬರ್ 6ರಂದು ಬಿದ್ದುಹೋಯಿತು, ಆದರೆ ನಕಲಿ ಪ್ರೊಫೈಲಿನಿಂದ ಕರೆಸಿಕೊಂಡು ದೋಚುವವರು ನಿಂತಿಲ್ಲ. ಅವರ ಬಂಡವಾಳ ಕಾನೂನಿನ ಭಯವಲ್ಲ, 'ಮನೆಗೆ ಹೇಳ್ತೀವಿ' ಎಂಬ ಒಂದೇ ಮಾತು. ಈಜಿಪ್ಟಿನಲ್ಲಿ ಪೊಲೀಸರು ಆ್ಯಪನ್ನೇ ಬಲೆಯಾಗಿ ಬಳಸುತ್ತಿದ್ದಾರೆಂಬ ಆತಂಕ ಎದ್ದಾಗ, 2014ರಲ್ಲಿ, ಕಂಪನಿ ಅಪಾಯದ ದೇಶಗಳಲ್ಲಿ ದೂರ ತೋರಿಸುವುದನ್ನು ನಿಲ್ಲಿಸಿತು. ಅಂದರೆ ಮನಸ್ಸಿದ್ದರೆ ಮಾರ್ಗ ಇದೆ. ಅದೇ ಕಂಪನಿ ಬಳಕೆದಾರರ ಎಚ್‌ಐವಿ ವಿವರವನ್ನು ಹೊರಗಿನ ಎರಡು ಕಂಪನಿಗಳಿಗೆ ಕಳಿಸುತ್ತಿದ್ದುದು 2018ರಲ್ಲಿ ಬಯಲಾಯಿತು. ಜಾಹೀರಾತಿನವರಿಗೆ ಮಾಹಿತಿ ಹಂಚಿದ್ದಕ್ಕೆ 2021ರಲ್ಲಿ ನಾರ್ವೆ ದೇಶ 6.5 ಕೋಟಿ ಕ್ರೋನರ್ ದಂಡ ಹಾಕಿತು. ನಿಮ್ಮ ಗುಟ್ಟನ್ನು ಸಂತೆಗೆ ಒಯ್ಯುವ ನೆರೆಯವನನ್ನು ಯಾವ ಕೇರಿಯೂ ಸಹಿಸಿಕೊಳ್ಳುವುದಿಲ್ಲ.

ಕನ್ನಡದ ಮಟ್ಟಿಗೆ ಹೇಳುವುದಾದರೆ, ನಮ್ಮಲ್ಲಿ ಬಹಳ ಜನಕ್ಕೆ 'ನಾವೂ ಇಲ್ಲಿಯವರೇ' ಎಂಬ ಧೈರ್ಯ ಬಂದದ್ದು ಒಂದು ಕಾಗದದ ಪುಸ್ತಕದಿಂದ. ಗೇ ಬದುಕಿನ ಕತೆಗಳಿರುವ ವಸುಧೇಂದ್ರರ ಸಂಕಲನ 'ಮೋಹನಸ್ವಾಮಿ' 2013ರಲ್ಲಿ ಬಂತು. ಅದೇ ವರ್ಷ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು 377ನ್ನು ಮತ್ತೆ ಜೀವಂತ ಮಾಡಿತು. ಕತೆ ಓದಿದವರು ಲೇಖಕರನ್ನು ಹುಡುಕಿಕೊಂಡು ಬಂದು ತಮ್ಮ ಕಷ್ಟ ಹೇಳಿಕೊಂಡರು, ಅವರು ಕೇಳಿಸಿಕೊಂಡರು. ಇದನ್ನು ಮಾಡಲು ಆ್ಯಪಿಗೆ ಆಗಿಲ್ಲ, ಏಕೆಂದರೆ ಅಲ್ಲಿ ಕೇಳಿಸಿಕೊಳ್ಳುವ ಹೊಣೆ ಯಾರದ್ದೂ ಅಲ್ಲ.

ಸಂಗಾತಿಯನ್ನು ಹುಡುಕುವ ಸಾಧನವಾಗಿ ಗ್ರೈಂಡರ್ ಪಾಸು, ಕೇರಿಯಾಗಿ ನಪಾಸು. ಕೇರಿ ಬೇಕಿದ್ದರೆ ಅದನ್ನು ನಾವೇ ಕಟ್ಟಬೇಕು, ಅದಕ್ಕೆ ಹೊಸ ಆ್ಯಪೇನೂ ಬೇಡ. ಕನ್ನಡದಲ್ಲಿ ವಾಟ್ಸ್ಆ್ಯಪಿನಲ್ಲೋ ಟೆಲಿಗ್ರಾಮಿನಲ್ಲೋ ಇಂಥ ಗುಂಪು ನಡೆಸುತ್ತಿರುವವರಲ್ಲಿ ನನ್ನ ಕೋರಿಕೆ ಇಷ್ಟೇ: ತಿಂಗಳಿಗೊಮ್ಮೆಯಾದರೂ ನಾಲ್ಕು ಜನ ಎದುರುಬದುರು ಕೂರುವ ದಿನ ಗೊತ್ತುಮಾಡಿ, ಹೊಸಬರ ಕರೆಗೆ ಉತ್ತರಿಸುವ ಒಬ್ಬರನ್ನು ನೇಮಿಸಿ, ಹೆಣ್ಣಿಗರನ್ನೂ ವಯಸ್ಸಾದವರನ್ನೂ ಗೇಲಿ ಮಾಡುವವರನ್ನು ಮುಲಾಜಿಲ್ಲದೆ ಗುಂಪಿನಿಂದ ತೆಗೆಯಿರಿ.