ನಗು ಕಲಿಸುವ ಶಾಲೆ

ಆಂಟಿಗಾ ಎಂದರೆ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಒಂದೇ ಚಿತ್ರ. 2002ರ ಟೆಸ್ಟು, ಮುರಿದ ದವಡೆಗೆ ಬ್ಯಾಂಡೇಜು ಸುತ್ತಿಕೊಂಡು ಬೌಲಿಂಗಿಗೆ ಇಳಿದ ನಮ್ಮ ಅನಿಲ್ ಕುಂಬ್ಳೆ, ಲಾರಾ ಎಲ್‌ಬಿಡಬ್ಲ್ಯು. ಆ ಮೈದಾನದಾಚೆ ಒಂದು ಊರಿದೆ, ಅಲ್ಲಿ ಸಿಹಿನೀರಿಗೆ ಸದಾ ತತ್ವಾರ ಎಂದು ನನಗೆ ತಿಳಿದದ್ದು ಜಮೈಕಾ ಕಿಂಕೇಡ್ ಅವರ ‘ಎ ಸ್ಮಾಲ್ ಪ್ಲೇಸ್’ ಓದಿದ ಮೇಲೆ. ಹೆಸರಿನಲ್ಲಿ ಜಮೈಕಾ ಇದ್ದರೂ ಲೇಖಕಿ ಆಂಟಿಗಾದವರು. 1949ರಲ್ಲಿ ಅಲ್ಲಿ ಹುಟ್ಟಿ, ಹದಿಹರೆಯದಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆಂದು ಅಮೆರಿಕಕ್ಕೆ ಹೋದವರು. 1988ರಲ್ಲಿ ಬಂದ ಈ ಪುಸ್ತಕ ನೂರು ಪುಟವೂ ಇಲ್ಲ. ಪುಣೆಯಿಂದ ಮುಂಬೈ ತಲುಪುವಷ್ಟರಲ್ಲಿ ಓದಿ ಮುಗಿಯುತ್ತದೆ, ಅರಗುವುದಕ್ಕೆ ಮಾತ್ರ ತಿಂಗಳು ಬೇಕು.

ಈಗ ಇದನ್ನು ಎತ್ತಿಕೊಳ್ಳಲು ಕಾರಣ ನಮ್ಮ ಪ್ರವಾಸ ಬರಹಗಳು. ಯಾವ ದ್ವೀಪಕ್ಕೇ ಹೋಗಿರಲಿ, ಮೂರನೆಯ ಪ್ಯಾರಾ ಹೊತ್ತಿಗೆ ‘ಇಲ್ಲಿನ ಜನ ನಗುಮೊಗದವರು, ಮುಗ್ಧರು, ಅತಿಥಿ ಸತ್ಕಾರದಲ್ಲಿ ಎತ್ತಿದ ಕೈ’ ಎಂಬ ಮಾತು ಬಂದೇ ಬರುತ್ತದೆ. ಯಾರು ಆ ಜನ? ಏರ್‌ಪೋರ್ಟಿನ ಟ್ಯಾಕ್ಸಿಯವನು, ರಿಸಾರ್ಟಿನಲ್ಲಿ ಎಳನೀರು ತಂದುಕೊಟ್ಟ ಹುಡುಗಿ, ದೋಣಿಯವನು. ಮೂವರೂ ನಮ್ಮಿಂದ ಹಣ ಪಡೆದವರು. ಅವರ ನಗು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಸಂಬಳದ ನಗುವನ್ನು ಒಂದು ಜನಾಂಗದ ಸ್ವಭಾವವೆಂದು ಬರೆದುಬಿಡುವುದು ತೀರಾ ಸಲೀಸಾಯಿತು.

ಕಿಂಕೇಡ್ ಇಡೀ ಮೊದಲ ಭಾಗದಲ್ಲಿ ಪ್ರವಾಸಿಯನ್ನೇ ಎದುರಿಗೆ ಕೂರಿಸಿಕೊಂಡು ಮಾತಾಡುತ್ತಾರೆ. ನಿಮಗೆ ಹಿತವಾದ ಈ ಬಿಸಿಲೇ ನಮಗೆ ಬರಗಾಲ. ನೀವು ಚಪ್ಪರಿಸುವ ಊಟ ಮಯಾಮಿಯಿಂದ ವಿಮಾನದಲ್ಲಿ ಬಂದದ್ದು. ನಿಮ್ಮ ಶೌಚದ ನೀರು ನೀವು ಈಜುವ ಕಡಲಿಗೇ ಸೇರಿರಬಹುದು. ಭೂಕಂಪದಲ್ಲಿ ಹಾಳಾದ ಗ್ರಂಥಾಲಯಕ್ಕೆ 1974ರಿಂದ ದುರಸ್ತಿ ಬಾಕಿ ಎಂಬ ಫಲಕವೇ ಗತಿ. ನಿಮ್ಮನ್ನು ಕಂಡರೆ ಅವರಿಗೆ ಯಾಕೆ ಅಸಹನೆ ಎಂಬುದಕ್ಕೂ ಉತ್ತರವಿದೆ. ಬೇಸರವಾದಾಗ ಎದ್ದು ಹೊರಡುವ ಆಸೆ ಎಲ್ಲರಿಗೂ ಉಂಟು. ಜಗತ್ತಿನ ಬಹುಪಾಲು ಜನರ ಬಳಿ ಅದಕ್ಕೆ ದುಡ್ಡಿಲ್ಲ, ಅಷ್ಟೆ.

ಇಂಗ್ಲಿಷಿನ ಆ ‘ಯೂ’ ಕನ್ನಡಕ್ಕೆ ಬರುವಾಗ ಏನಾಗಬೇಕು? ‘ನೀನು’ ಎಂದರೆ ಜಗಳವಾಗುತ್ತದೆ, ಓದುಗ ಪುಸ್ತಕ ಮುಚ್ಚಿಡುತ್ತಾನೆ. ನನ್ನ ಮತ ‘ನೀವು’ ಕಡೆಗೆ. ಟ್ರೇ ಹಿಡಿದು ನಿಂತವಳ ಅದೇ ವಿನಯದ ದನಿಯಲ್ಲಿ ಇಷ್ಟನ್ನೂ ಹೇಳಿದರೆ ಮಾತ್ರ ಅದು ಚುಚ್ಚುತ್ತದೆ.

ಪುಸ್ತಕದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಹೋಟೆಲ್ ಟ್ರೇನಿಂಗ್ ಸ್ಕೂಲಿನ ಪ್ರಸಂಗ. ಆಂಟಿಗಾದ ಜನ ಗುಲಾಮಗಿರಿಯ ಬಗ್ಗೆ, 1834ರ ಬಿಡುಗಡೆಯ ಬಗ್ಗೆ ಭಾವುಕರಾಗಿ ಮಾತಾಡುತ್ತಾರಂತೆ. ಜೊತೆಗೇ ಸೇವೆ ಮಾಡುವುದನ್ನು ಕಲಿಸುವ ಈ ಶಾಲೆಯ ಬಗ್ಗೆ ಹೆಮ್ಮೆಪಡುತ್ತಾರಂತೆ. ಪದವಿ ಸಮಾರಂಭ ರೇಡಿಯೋ, ಟಿವಿಯಲ್ಲಿ ಪ್ರಸಾರವಾಗುತ್ತದೆ. ಎರಡರ ನಡುವೆ ನಂಟಿದೆ ಎಂದು ಯಾರಿಗೂ ಹೊಳೆಯುವುದಿಲ್ಲ ಎಂಬುದು ಕಿಂಕೇಡರ ಸಿಟ್ಟು.

ಇಲ್ಲಿ ಮುಂಬೈ ಕನ್ನಡಿಗನಾಗಿ ನಾನು ಸ್ವಲ್ಪ ತಡೆಯುತ್ತೇನೆ. ಈ ಊರಿಗೆ ನಮ್ಮವರು ಬಂದದ್ದೇ ಬಡಿಸುವವರಾಗಿ. ನನ್ನ ಸೋದರಮಾವ ಮಾಟುಂಗಾದ ಹೋಟೆಲೊಂದರಲ್ಲಿ ಲೋಟ ತೊಳೆಯಲು ಸೇರಿದಾಗ ಹನ್ನೆರಡು ವರ್ಷ. ಅವರಿಗೆ ನಗಲು ಯಾರೂ ಕಲಿಸಲಿಲ್ಲ. ‘ಬೇಗ ಬೇಗ’ ಎಂದಷ್ಟೇ ಕಲಿಸಿದರು. ರಾತ್ರಿ ಗಲ್ಲೆ ಮುಚ್ಚಿದ ಮೇಲೆ ಅವರು ಹೋಗುತ್ತಿದ್ದದ್ದು ಕನ್ನಡ ರಾತ್ರಿಶಾಲೆಗೆ. ಎಷ್ಟೋ ಹೋಟೆಲ್ ಹುಡುಗರು ಅಲ್ಲಿ ಓದಿ ಬ್ಯಾಂಕು, ಕಚೇರಿ, ಕೋರ್ಟು ಸೇರಿದರು. ಒಂದು ಶಾಲೆ ಟ್ರೇ ಹಿಡಿಯಲು ಕಲಿಸಿತು, ಇನ್ನೊಂದು ಟ್ರೇ ಕೆಳಗಿಡಲು. ಹಾಗೆಂದು ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗುವಂತಿಲ್ಲ. ಮಾವನಿಗೆ ಬೆನ್ನ ಹಿಂದೆ ಒಂದು ಊರಿತ್ತು, ಚೌತಿಗೆ ಹೋಗಿ ಬರಲು ಮನೆಯಿತ್ತು. ಹಡಗಿನ ತಳದಲ್ಲಿ ತಂದಿಳಿಸಿದವರ ಮಕ್ಕಳಿಗೆ ಹಾಗೆ ಹಿಂದಿರುಗುವ ಊರು ಯಾವುದು? ಅದಕ್ಕೇ ಅವರ ಸಿಟ್ಟಿನ ತೂಕ ಬೇರೆ.

ಆದರೂ ನನ್ನದೊಂದು ತಕರಾರಿದೆ. ಈ ಪುಸ್ತಕದಲ್ಲಿ ನಾವು ಒಂದು ಮನೆಯ ಒಳಗೂ ಕಾಲಿಡುವುದಿಲ್ಲ. ಹೆಚ್ಚಿನ ಆಂಟಿಗಾದವರು ಇಲ್ಲಿ ‘ಜನ’ ಮಾತ್ರ. ಯಾರೂ ಯಾರಿಗೂ ಒಂದು ಲೋಟ ನೀರು ಕೊಡುವುದಿಲ್ಲ. ಕೊಳ್ಳಲಾಗದ ಆತಿಥ್ಯ ಆ ದ್ವೀಪದಲ್ಲಿ ಇದ್ದಿರಲೇಬೇಕಲ್ಲ! ಬಹುಶಃ ಅದು ಕಿಂಕೇಡರಿಗೇ ಸಿಗದೆ ಹೋಗಿರಬಹುದು. ವರ್ಷಗಟ್ಟಲೆ ಹೊರಗಿದ್ದು ಮರಳಿದವರು ಅತಿಥಿಯೂ ಅಲ್ಲ, ಮನೆಯವರೂ ಅಲ್ಲ. ಹೋದ ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಮ್ಮ ನೆಂಟರಿಗೆಂದೇ ಎತ್ತಿಟ್ಟ ಪಿಂಗಾಣಿ ಕಪ್ಪಿನಲ್ಲಿ ನನಗೆ ಕಾಫಿ ಕೊಟ್ಟರು. ಉಳಿದವರೆಲ್ಲ ಸ್ಟೀಲ್ ಲೋಟದಲ್ಲಿ ಕುಡಿಯುತ್ತಿದ್ದರು. ‘ನಂಗೂ ಲೋಟದಲ್ಲೇ ಕೊಡಿ ಚಿಕ್ಕಮ್ಮ’ ಎಂದರೆ, ‘ನೀನು ಪುಣೆಯವನಲ್ವೋ’ ಎಂದು ನಕ್ಕರು. ಕಿಂಕೇಡರ ಉರಿಯ ಬುಡ ಇಲ್ಲೆಲ್ಲೋ ಇದೆ ಎಂದು ನನ್ನ ಗುಮಾನಿ.

ಅದೇ ಕೆರಿಬಿಯನ್ನಿನ ಡೆರೆಕ್ ವಾಲ್ಕಾಟ್ 1992ರ ನೊಬೆಲ್ ಭಾಷಣವನ್ನು ಟ್ರಿನಿಡಾಡಿನ ಫೆಲಿಸಿಟಿ ಎಂಬ ಹಳ್ಳಿಯ ರಾಮಲೀಲೆಯಿಂದ ಶುರುಮಾಡುತ್ತಾರೆ. ಕಬ್ಬಿನ ಗದ್ದೆಗಳಿಗೆ ಕೂಲಿಗೆಂದು ಬಂದ ಭಾರತೀಯರ ಮೊಮ್ಮಕ್ಕಳು ಆಡುವ ಆಟ ಅದು. ಮೊದಲು ಅದನ್ನು ನಾಟಕವೆಂದು ಕಂಡೆ, ಆಡುವವರಿಗೆ ಅದು ನಂಬಿಕೆ ಎಂದು ಆಮೇಲೆ ತಿಳಿಯಿತು ಎನ್ನುತ್ತಾರೆ ವಾಲ್ಕಾಟ್. ಅವರ ಭಾಷಣ ಸೊಗಸು, ನೋಟ ಉದಾರ. ಆದರೆ ರಾಮಲೀಲೆಯ ಹುಡುಗರು ಆ ಬಂದವನ ಬಗ್ಗೆ ಏನೆಂದುಕೊಂಡರು ಎಂಬುದು ಅಲ್ಲಿಯೂ ಇಲ್ಲ. ನೋಡಿಸಿಕೊಂಡವರ ಕಡೆಯಿಂದ ಬರೆದ ಪುಸ್ತಕವೆಂದು ನಾನು ಮತ್ತೆ ಮತ್ತೆ ಮರಳುವುದು ‘ಎ ಸ್ಮಾಲ್ ಪ್ಲೇಸ್’ಗೇ, ಅದರಲ್ಲಿ ಆ ಒಂದು ಲೋಟ ನೀರು ಇಲ್ಲದಿದ್ದರೂ.