ನೀಳ್ಗೂದಲ ಭಾವಚಿತ್ರಗಳು: ಒಂದು ಪರಾಮರ್ಶೆ

ಹಳೆಯ ಛಾಯಾಚಿತ್ರವೊಂದನ್ನು ಕಂಡೊಡನೆ ನಮ್ಮ ಕೈಗಳು ತಾವಾಗಿ ಮುಗಿಯುವುದುಂಟು. ಚಿತ್ರದಲ್ಲಿ ಕುಳಿತಾತನ ಹೆಸರು ನಮಗೆ ತಿಳಿದಿರುವುದಿಲ್ಲ; ಊರು ತಿಳಿದಿರುವುದಿಲ್ಲ. ಹೆಗಲಿನ ಮೇಲೆ ಇಳಿಬಿದ್ದ ಕೇಶರಾಶಿ, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ ಇಷ್ಟು ಕಂಡರೆ ಸಾಕು, ಆತನು ಸಿದ್ಧಪುರುಷನೆಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ವಚನಗಳನ್ನು ಓದುವವರೂ ಓದಿಸುವವರೂ ಆದ ನಾವು ಈ ತೀರ್ಮಾನವನ್ನು ಒಪ್ಪಬಹುದೆ? ಇದೇ ಪ್ರಸ್ತುತ ಲೇಖನದ ವಿಚಾರ.

ಈ ಪ್ರಶ್ನೆ ನನಗೆ ಪುಸ್ತಕದಿಂದ ಹುಟ್ಟಿದುದಲ್ಲ. ಮಾನ್ವಿ ತಾಲ್ಲೂಕಿನ ನಮ್ಮ ಕುರ್ಡಿಯ ಒಂದು ಮನೆಯ ಪಡಸಾಲೆಯಲ್ಲಿ ಅಂತಹ ಚಿತ್ರವೊಂದಿದೆ. ಬಣ್ಣದ ಪರದೆಯ ಮುಂದೆ ಕುರ್ಚಿಯ ಮೇಲೆ ಕುಳಿತ ಪುರುಷ; ಬೋಳಿಸಿದ ಮೀಸೆ; ಎದೆಯವರೆಗೆ ಹರಡಿದ ಕಪ್ಪು ಕೂದಲು; ಹಣೆಯಲ್ಲಿ ಮೂರೆಳೆ ವಿಭೂತಿ. ಮನೆಯವರು ಆತನನ್ನು ‘ತಾತ’ ಎನ್ನುತ್ತಾರೆ. ನಮ್ಮ ಸೀಮೆಯಲ್ಲಿ ಈ ಶಬ್ದಕ್ಕೆ ಅಜ್ಜ ಎಂಬ ಅರ್ಥವೂ ಉಂಟು, ಗದ್ದುಗೆಯ ಪೂಜ್ಯರು ಎಂಬ ಅರ್ಥವೂ ಉಂಟು. ಮೊದಲ ಅರ್ಥದಲ್ಲಿ ಹೊರಟ ಮಾತು ಮೂರು ತಲೆಮಾರುಗಳಲ್ಲಿ ಎರಡನೆಯ ಅರ್ಥಕ್ಕೆ ತಲುಪಿತು. ಅದಕ್ಕೆ ನಾನೂ ಹೊಣೆಗಾರ. ಬಹಳ ವರ್ಷಗಳ ಹಿಂದೆ ಶ್ರಾವಣದ ಪುರಾಣ ಮಂಗಲದ ದಿನ ಅದೇ ಮನೆಯಲ್ಲಿ ಮಾತನಾಡುತ್ತ, ಚಿತ್ರದ ಕಡೆ ಕೈ ತೋರಿ, ‘ಇಂತಹ ಶಿವಯೋಗಿಗಳು ನಡೆದಾಡಿದ ನೆಲವಿದು’ ಎಂದು ಹೇಳಿಬಿಟ್ಟಿದ್ದೆ. ಆಧಾರವೇನಿತ್ತು? ಕೂದಲು, ಅಷ್ಟೆ.

ಈಚೆಗೆ ಆ ಮನೆಯ ಯಜಮಾನರು ಬಂದು, ‘ಮಾಸ್ತರ್ರೇ, ತಾತನವರದೊಂದು ಚರಿತ್ರೆ ಬರಕೊಡ್ರಿ, ಅಚ್ಚು ಹಾಕಿಸಿ ಹಂಚತೀವಿ’ ಎಂದರು. ಬರೆಯಲು ಕುಳಿತಾಗ, ಬರೆಯುವುದಕ್ಕೆ ನನ್ನ ಬಳಿ ಏನೂ ಇಲ್ಲವೆಂಬುದು ಅರಿವಾಯಿತು. ಹಾಗಾಗಿ ಮೊದಲು ಚಿತ್ರವನ್ನೇ ಓದಲು ತೊಡಗಿದೆ.

ಛಾಯಾಚಿತ್ರವು ಸುಳ್ಳಾಡದೆಂಬುದು ರೂಢಿಯ ನಂಬಿಕೆ. ಆದರೆ ಅದು ಎಲ್ಲವನ್ನೂ ಹೇಳುವುದಿಲ್ಲ. ಕೆಲವನ್ನು ಬೇರೆಯಾಗಿ ಹೇಳುತ್ತದೆ. 1851ರಲ್ಲಿ ಬಳಕೆಗೆ ಬಂದ ಕೊಲೋಡಿಯನ್ ಲೇಪದ ಗಾಜಿನ ಫಲಕಗಳೂ, 1871ರ ಅನಂತರ ರೂಪುಗೊಂಡ ಒಣ ಫಲಕಗಳೂ ನೀಲಿ ಬಣ್ಣದ ಬೆಳಕನ್ನು ಚೆನ್ನಾಗಿ ಗ್ರಹಿಸುತ್ತಿದ್ದವು; ಕೆಂಪು ಬಣ್ಣಕ್ಕೆ ಅವು ಕುರುಡಾಗಿದ್ದವು. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಫಲಕ 1906ರಲ್ಲಿ ಮಾರಾಟಕ್ಕೆ ಬಂದರೂ ಸಾಮಾನ್ಯ ಚಿತ್ರಶಾಲೆಗಳನ್ನು ತಲುಪಲು ಬಹುಕಾಲ ಹಿಡಿಯಿತು. ಇದರ ಪರಿಣಾಮವನ್ನು ಭಕ್ತರು ಗಮನಿಸಬೇಕು. ಅಂತಹ ಚಿತ್ರದಲ್ಲಿ ಕುಂಕುಮ ಕಪ್ಪಾಗಿ ಕಾಣುತ್ತದೆ. ಕಾವಿಯೂ ಕಪ್ಪಾಗಿಯೇ ಕಾಣುತ್ತದೆ. ವಿಭೂತಿ ಮಾತ್ರ ಬೆಳ್ಳಗೆ ಎದ್ದು ಕಾಣುತ್ತದೆ. ತಲೆಯ ಮೇಲಿಂದ ಹೊದ್ದ ಕಾವಿಯ ನೆರಿಗೆಯೂ ಅದರೊಳಗಣ ಕೂದಲೂ ಒಂದೇ ಕಪ್ಪಿನಲ್ಲಿ ಬೆರೆತುಹೋಗುತ್ತವೆ. ನಾವು ನೀಳ್ಗೂದಲೆಂದು ಕೈಮುಗಿಯುವುದು ಎಷ್ಟೋ ವೇಳೆ ಬಟ್ಟೆಯ ಅಂಚಾಗಿರಬಹುದು. ಮೇಲಾಗಿ ಗಾಜಿನ ಫಲಕದ ಮೇಲೆ ಸೀಸದ ಕಡ್ಡಿಯಿಂದ ತಿದ್ದುವುದೂ, ಮುದ್ರಿತ ಚಿತ್ರಕ್ಕೆ ಕುಂಚದಿಂದ ಬಣ್ಣ ಹಚ್ಚುವುದೂ ಆ ಕಾಲದ ಚಿತ್ರಶಾಲೆಗಳ ನಿತ್ಯದ ಕೆಲಸವಾಗಿತ್ತು. ಇಂದು ಅದೇ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಯಂತ್ರದಿಂದ ಬಣ್ಣ ತುಂಬಿಸಿ ಜಾತ್ರೆಯ ಫ್ಲೆಕ್ಸಿಗೆ ಏರಿಸುತ್ತಾರೆ. ಕಪ್ಪು ಬಟ್ಟೆ ಮೂಲತಃ ಕಾವಿಯೋ ಹಸಿರೋ ಯಂತ್ರಕ್ಕೆ ಗೊತ್ತಿಲ್ಲ. ಅದು ಊಹಿಸಿ ಬಳಿಯುತ್ತದೆ. ಆ ಊಹೆಯೇ ಮುಂದಿನ ತಲೆಮಾರಿಗೆ ಪ್ರಮಾಣವಾಗುತ್ತದೆ.

ಕೂದಲನ್ನು ನೋಡಿ ಮನುಷ್ಯನನ್ನು ನಿರ್ಣಯಿಸುವ ಅಭ್ಯಾಸ ಭಕ್ತರದಷ್ಟೇ ಅಲ್ಲ, ಆಳುವವರದೂ ಆಗಿತ್ತು. 1857ರ ದಂಗೆಯ ಅನಂತರ ಬ್ರಿಟಿಷ್ ಸರಕಾರ ಈ ದೇಶದ ಜನರನ್ನು ಚಿತ್ರಗಳ ಮೂಲಕ ವಿಂಗಡಿಸಿಡಲು ಹೊರಟಿತು. ವಾಟ್ಸನ್ ಮತ್ತು ಕೇ ಅವರ ಸಂಪಾದಕತ್ವದಲ್ಲಿ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಗ್ರಂಥ 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದಿತು. ಅದರ ವಿವರಣೆಗಳನ್ನು ಬರೆದವರಲ್ಲಿ ಸುರಪುರದ ಆಡಳಿತವನ್ನು ದಶಕಕ್ಕೂ ಮಿಕ್ಕಿ ನಡೆಸಿದ ಮೆಡೋಸ್ ಟೇಲರ್ ಸಹ ಒಬ್ಬ. ನಮ್ಮ ನೆರೆಯ ನೆಲವನ್ನು ಬಲ್ಲವನು. ಮುಂದೆ ಮದರಾಸು ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳನ್ನು ಕುರಿತು ಏಳು ಸಂಪುಟಗಳನ್ನು ಪ್ರಕಟಿಸಿದ. ಇಂತಹ ಗ್ರಂಥಗಳಲ್ಲಿ ಚಿತ್ರದ ಕೆಳಗೆ ಬಹುಮಟ್ಟಿಗೆ ಜಾತಿಯ ಹೆಸರಿರುತ್ತದೆ, ಮನುಷ್ಯನ ಹೆಸರಿರುವುದಿಲ್ಲ. ಕೂದಲು ಬಿಟ್ಟವನು ಬೈರಾಗಿ ಇಲ್ಲವೆ ಫಕೀರ. ಅಲ್ಲಿಗೆ ಅವನ ಕಥೆ ಮುಗಿಯಿತು. ಆಳುವವನು ಕೂದಲಿನಲ್ಲಿ ಅನಾಗರಿಕತೆಯನ್ನು ಕಂಡ. ನಾವು ಅದೇ ಕೂದಲಿನಲ್ಲಿ ದೈವತ್ವವನ್ನು ಕಂಡೆವು. ಒಂದು ತೆಗಳಿಕೆ, ಇನ್ನೊಂದು ಹೊಗಳಿಕೆ; ಆದರೆ ಇಬ್ಬರೂ ಕೂದಲಿನಾಚೆಗಿದ್ದ ವ್ಯಕ್ತಿಯನ್ನು ಕೇಳಲಿಲ್ಲ. ದೋಷ ಎರಡೂ ಕಡೆ ಒಂದೇ.

ಇನ್ನು ನಮ್ಮ ಊರಿನ ಚಿತ್ರಕ್ಕೆ ಬರೋಣ. 1871ರಲ್ಲಿ ಮುಂಬಯಿ ಕಡೆಯ ಮತ್ತು ಮದರಾಸು ಕಡೆಯ ರೈಲು ಮಾರ್ಗಗಳು ರಾಯಚೂರಿನಲ್ಲಿ ಕೂಡಿದವು. ರೈಲಿನೊಡನೆ ಸರಕು ಬಂದಿತು, ನಾಟಕ ಕಂಪನಿಗಳು ಬಂದವು, ಚಿತ್ರ ತೆಗೆಯುವವರೂ ಬಂದರು. ಹಳ್ಳಿಯ ಪುರುಷನೊಬ್ಬ ಖರ್ಚು ಮಾಡಿ ಪಟ ತೆಗೆಸಿಕೊಳ್ಳಬೇಕಾದರೆ ಅದಕ್ಕೊಂದು ಕಾರಣವಿರಬೇಕು. ಆ ಮನೆಯ ತೊಂಬತ್ತು ದಾಟಿದ ಅಮ್ಮನನ್ನು ಕೇಳಿದೆ. ಆಕೆ ನಕ್ಕು ಹೇಳಿದ ಮಾತು ಇಷ್ಟು: ‘ನಮ್ಮ ಮಾವ ದೊಡ್ಡಾಟದಾಗ ಹೆಣ್ಣಿನ ಪಾತ್ರ ಹಾಕ್ತಿದ್ದ. ಅದಕ್ಕ ಕೂದಲಾ ಬಿಟ್ಟಿದ್ದ. ಸುಗ್ಗಿ ಬಂದರ ಗಂಟು ಕಟ್ಟಿ ಹೊಲಕ್ಕ ಹೋಗತಿದ್ದ. ಯಾವ ಸಾಧುವೂ ಅಲ್ಲಪ್ಪಾ, ಒಕ್ಕಲಿಗ.’

ಚಿತ್ರವು ಆಗ ನನಗೆ ಮತ್ತೊಂದು ರೀತಿಯಲ್ಲಿ ತೆರೆದುಕೊಂಡಿತು. ಬೋಳಿಸಿದ ಮೀಸೆಗೆ ಕಾರಣ ಸಿಕ್ಕಿತು; ಎದೆಯ ಮೇಲೆ ಎರಡು ಪಾಲು ಮಾಡಿ ಹರಡಿದ ಕೂದಲಿನ ಅಚ್ಚುಕಟ್ಟಿಗೂ ಕಾರಣ ಸಿಕ್ಕಿತು. ಸ್ತ್ರೀಯರು ರಂಗವನ್ನೇರುವುದು ವಿರಳವಾಗಿದ್ದ ಆ ದಿನಗಳಲ್ಲಿ ಪುರುಷರೇ ಸ್ತ್ರೀಪಾತ್ರ ವಹಿಸುತ್ತಿದ್ದರು. ಮರಾಠಿ ರಂಗಭೂಮಿಯ ಬಾಲಗಂಧರ್ವರು ಅದರಿಂದಲೇ ಪ್ರಖ್ಯಾತರಾದರು. ನಮ್ಮವರೇ ಆದ ಏಣಗಿ ಬಾಳಪ್ಪನವರು (1914–2017) ಎಳೆಯ ವಯಸ್ಸಿನಲ್ಲಿ ಸ್ತ್ರೀಪಾತ್ರಗಳನ್ನು ಮಾಡಿ, ಮುಂದೆ ‘ಜಗಜ್ಯೋತಿ ಬಸವೇಶ್ವರ’ ನಾಟಕದಲ್ಲಿ ಬಸವಣ್ಣನವರ ಪಾತ್ರದಿಂದ ನಾಡಿನ ಮನೆಮಾತಾದರು. ವೇಷವು ಅವರ ಕಾಯಕವಾಗಿತ್ತು. ಅದನ್ನು ಅವರು ವೇಷವೆಂದೇ ಧರಿಸಿದರು, ವೇಷವೆಂದೇ ಕಳಚಿದರು. ಅದರಲ್ಲಿ ವಂಚನೆಯಿಲ್ಲ. ವಂಚನೆ ಹುಟ್ಟುವುದು ವೇಷವನ್ನು ನಿಜವೆಂದು ನೋಡುವವರು ನಂಬಿದಾಗ, ಅಥವಾ ನಂಬಿಸಿದಾಗ.

ಶರಣರು ಈ ಬಗ್ಗೆ ಎಷ್ಟು ಎಚ್ಚರವಾಗಿದ್ದರೆಂಬುದನ್ನು ವಚನಾಭ್ಯಾಸಿಗಳಿಗೆ ವಿವರಿಸಬೇಕಾಗಿಲ್ಲ. ಅಲ್ಲಮಪ್ರಭುದೇವರಿಂದ ಅಂಬಿಗರ ಚೌಡಯ್ಯನವರೆಗೆ ಅನೇಕರು ಜಡೆ ಬಿಟ್ಟವರನ್ನೂ ತಲೆ ಬೋಳಿಸಿದವರನ್ನೂ ಒಂದೇ ಒರೆಗಲ್ಲಿಗೆ ಹಚ್ಚಿ ನೋಡಿದರು. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ನಮ್ಮ ಧರ್ಮದಲ್ಲಿ ಹೊರಗಿನ ಲಾಂಛನಗಳಿಗೆ ಸ್ಥಾನವಿಲ್ಲವೆಂದಲ್ಲ. ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಇವು ಅಷ್ಟಾವರಣಗಳು. ವಿಭೂತಿ ರುದ್ರಾಕ್ಷಿಗಳಿಗೆ ಅಲ್ಲಿ ಎಡೆಯುಂಟು. ಕೇಶಕ್ಕೆ ಎಡೆಯಿಲ್ಲ. ಬೆಳೆಸಿದರೆ ಪುಣ್ಯವಿಲ್ಲ, ತೆಗೆಸಿದರೆ ಪಾಪವಿಲ್ಲ. ಕ್ಷೌರಿಕ ವೃತ್ತಿಯ ಹಡಪದ ಸಮುದಾಯದವರು ತಮ್ಮ ಹಿರಿಯನೆಂದು ಗೌರವಿಸುವ ಅಪ್ಪಣ್ಣನವರು ಬಸವಣ್ಣನವರ ಅತ್ಯಂತ ನಿಕಟವರ್ತಿಗಳಾಗಿದ್ದರೆಂಬುದನ್ನು ನೆನೆದರೆ, ಕೂದಲು ಬೆಳೆಸುವವನಿಗೂ ಕತ್ತರಿಸುವವನಿಗೂ ಅನುಭವ ಮಂಟಪದಲ್ಲಿ ಒಂದೇ ಬಾಗಿಲಿತ್ತೆಂಬುದು ಮನದಟ್ಟಾಗುತ್ತದೆ.

ಕೂದಲಿನ ಪ್ರಶ್ನೆ ಶೂನ್ಯಸಂಪಾದನೆಯಲ್ಲಿ ನೇರವಾಗಿಯೇ ಎದ್ದಿದೆ. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ, ಉಡುಗೆಯನ್ನೇ ತೊರೆದವಳು ಕೂದಲಿನಿಂದ ಮೈ ಮರೆಮಾಡಿಕೊಂಡುದೇಕೆಂದು ಪ್ರಭುದೇವರು ಕೇಳುತ್ತಾರೆ. ಅಕ್ಕನ ಉತ್ತರದ ತಾತ್ಪರ್ಯವೆಂದರೆ, ಆ ಮರೆ ತನಗಾಗಿ ಅಲ್ಲ, ಕಂಡವರಿಗೆ ನೋವಾಗದಿರಲೆಂದು. ಕೂದಲು ಅಲ್ಲಿ ಸಿದ್ಧಿಯ ಗುರುತಲ್ಲ. ನೋಡುವ ಕಣ್ಣಿನ ಮಿತಿಗೆ ತೋರಿದ ಕರುಣೆ. ಆಕೆ ಅದನ್ನು ಹೆಗ್ಗಳಿಕೆಯಾಗಿ ತೋರಲಿಲ್ಲ. ಪ್ರಭುದೇವರು ಅದನ್ನು ಹಾಗೆ ಒಪ್ಪಲೂ ಇಲ್ಲ. ಅಷ್ಟು ದೊಡ್ಡ ಚೇತನದ ಕೂದಲನ್ನೇ ಪ್ರಶ್ನಿಸದೆ ಬಿಡದ ಪರಂಪರೆಯ ವಾರಸುದಾರರಾದ ನಾವು ಪಟದ ಕೂದಲಿಗೆ ಪ್ರಶ್ನೆಯಿಲ್ಲದೆ ಮಣಿಯುವುದು ಉಚಿತವೆ?

‘ಭಕ್ತಿಯಿಂದ ಕೈಮುಗಿದರೆ ಯಾರಿಗೇನು ನಷ್ಟ?’ ಎಂದು ಕೆಲವರು ಕೇಳಬಹುದು. ನಷ್ಟವಿದೆ. ಕೂದಲು ದೈವದ ಸಂಕೇತವೆಂಬ ಇದೇ ನಂಬಿಕೆ, ನಮ್ಮ ಜಿಲ್ಲೆಯೂ ಸೇರಿದಂತೆ ಉತ್ತರ ಕರ್ನಾಟಕದಲ್ಲಿ ಬಡವರ ಮನೆಯ ಮಕ್ಕಳ ತಲೆಯಲ್ಲಿ ಜಡೆ ಗಂಟಾದಾಗ ಅದನ್ನು ಎಲ್ಲಮ್ಮನ ಕರೆಯೆಂದು ಸಾರಿತು. ಎಣ್ಣೆ ನೀರು ಕಾಣದ ತಲೆಯ ಸಿಕ್ಕು ದೇವಿಯ ಆಜ್ಞೆಯಾಗಿ, ಹೆಣ್ಣುಮಕ್ಕಳು ದೇವದಾಸಿಯರಾದರು. ಗಂಡುಮಕ್ಕಳು ಜೋಗಪ್ಪಗಳಾದುದೂ ಉಂಟು. ಅದನ್ನು ತಡೆಯಲು 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧದ ಶಾಸನವೇ ಬೇಕಾಯಿತು. ಪಟದ ಜಡೆಗೆ ಹೂವೇರಿಸುವ ಕಣ್ಣೂ ಮಗುವಿನ ಜಡೆಯನ್ನು ದೇವಿಗೆ ಒಪ್ಪಿಸುವ ಕಣ್ಣೂ ಬೇರೆಯಲ್ಲ. ಗುರುತನ್ನು ಕಂಡು ಗುಣವನ್ನು ಕೇಳದಿರುವ ಕಣ್ಣು ಅದು.

ಹನ್ನೆರಡನೆಯ ಶತಮಾನದ ಶರಣರ ಸಮಕಾಲೀನ ಭಾವಚಿತ್ರಗಳು ನಮಗೆ ದೊರೆತಿಲ್ಲ. ನಾವು ಪೂಜಿಸುವ ಪ್ರಭುದೇವರ ಗಡ್ಡ ಜಡೆಗಳೆಲ್ಲ ಈಚಿನ ಚಿತ್ರಕಾರರ ಕಲ್ಪನೆ. ಇದು ಕೊರತೆಯೆಂದು ನನಗೆ ತೋರುವುದಿಲ್ಲ. ಅವರ ಮುಖ ಉಳಿಯಲಿಲ್ಲ, ಮಾತು ಉಳಿಯಿತು. 1923ರಲ್ಲಿ ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ವನ್ನು ಹೊರತಂದಾಗ ನಾಡಿಗೆ ದೊರೆತುದು ಆ ಮಾತು.

ಕೊನೆಗೆ ನಾನು ಆ ಮನೆಗೆ ಚರಿತ್ರೆ ಬರೆದುಕೊಡಲಿಲ್ಲ. ಒಂದು ಹಾಳೆಯಲ್ಲಿ ಆ ಹಿರಿಯನ ಹೆಸರು, ಹೊಲದ ಹೆಸರು, ಆತ ಕುಣಿದ ಪಾತ್ರಗಳ ಹೆಸರು, ಅಮ್ಮ ಹೇಳಿದಂತೆ ಬರೆದುಕೊಟ್ಟೆ. ಶ್ರಾವಣದಲ್ಲಿ ನಾನಾಡಿದ ಮಾತು ತಪ್ಪೆಂದೂ ಸೇರಿಸಿದೆ. ಯಜಮಾನರಿಗೆ ಮೊದಲು ಬೇಸರವಾಯಿತು. ‘ಹಂಗಾರ ನಾವು ಇಷ್ಟು ದಿನ ಪೂಜಿ ಮಾಡಿದ್ದು ಸುಳ್ಳೇನ್ರಿ?’ ಎಂದರು. ‘ಇಲ್ಲಪ್ಪಾ, ದುಡಿದು ಉಂಡ, ಊರನ್ನು ನಗಿಸಿದ, ಯಾರಿಗೂ ಮೋಸ ಮಾಡಲಿಲ್ಲ. ಅದಕ್ಕೆ ಕೈಮುಗಿಯಿರಿ’ ಎಂದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಹಾಳೆಯನ್ನು ಮಾತ್ರ ಹಿಂದಿರುಗಿಸಲಿಲ್ಲ.

ಸಹೃದಯ ವಾಚಕರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯ ಗೋಡೆಯ ಮೇಲೂ ಇಂತಹ ಪಟಗಳಿರಬಹುದು. ಬಲ್ಲ ಹಿರಿಯರು ಬದುಕಿರುವಾಗಲೇ ಅದನ್ನು ಕೆಳಗಿಳಿಸಿ, ಹಿಂಬದಿಯ ರಟ್ಟಿನ ಮೇಲೆ ಆತನ ಹೆಸರನ್ನೂ ಕಾಯಕವನ್ನೂ ಬರೆದಿಡಿರಿ. ಅನಂತರ ಮತ್ತೆ ತೂಗುಹಾಕಿರಿ.